ಬೋರ್ಡ್ ಓದೋಳು

…ಅಲ್ಲ ಕಣೇ ಚಂದ್ರಿ, ನಗೋದಾದ್ರೆ ನೆಟ್ಟಗೆ ನಕ್ಬಿಡು! ಹೀಗೆ ಕಿಟಕಿ ಕಡೆ ತಿರುಗಿ ಭುಜ ಅಲ್ಲಾಡಿಸಿದ್ರೆ ನಂಗೆ ಗೊತ್ತಾಗಲ್ವಾ? ನಗ್ತಿಲ್ವಾ? ಸರಿ. ಹಾಗಾದ್ರೆ ಸಿಟ್ಟು. ಸಿಟ್ಟೂ ಅಲ್ವಾ? ಮತ್ತೇನು, ಮೌನವ್ರತಾನಾ? ಲಾರಿಯಲ್ಲಿ ಕೂತು ಮೌನವ್ರತ ಮಾಡಿದ ಮೊದಲ ಹೆಂಗಸು ನೀನೇ ಇರ್ಬೇಕು, ಇಡೀ ಲಂಡನ್ನಲ್ಲಿ.

ತಡಿ, ಮೊದ್ಲು ಈ ಸೀಟು ಹಿಂದಕ್ಕೆ ತಳ್ಕೊಳ್ತೀನಿ. ಅಯ್ಯಪ್ಪಾ, ಮೊಣಕಾಲು! ನೀನು ಓಡಿಸಿದ ಮೇಲೆ ಇಲ್ಲಿ ಬಂದು ಕೂತ್ರೆ ಸ್ಟೀರಿಂಗು ಹೊಟ್ಟೆಯೊಳಗೇ ಹೋಗತ್ತೆ. ಐದಡಿ ಆಳು, ಹದಿನಾರು ಮೀಟರ್ ಲಾರಿ! ಎಷ್ಟು ಸಲ ಹೇಳಿದೀನಿ, ಇಳಿಯೋವಾಗ ಸೀಟು ಹಿಂದಕ್ಕೆ ತಳ್ಳಿ ಇಳಿ ಅಂತ… ಹೊಟ್ಟೆ ಕಡೆ ನೋಡ್ಬೇಡ. ಆ ಹೊಟ್ಟೆ ನಿನ್ನ ಅಡುಗೆಯದು, ನನ್ನ ತಪ್ಪಲ್ಲ.

ಹೂಂ. ಈಗ ಕೂತೆ. ಇಲ್ಲಿ ಲಾರಿ ರಿವರ್ಸ್ ಹಾಕೋದು ನಾನೇ, ಆ ವಿಷಯದಲ್ಲಿ ಮಾತೇ ಬೇಡ. ಹೌನ್ಸ್ಲೋ ಯಾರ್ಡಿಂದ ಇಲ್ಲಿ ಪಾರ್ಕ್ ರಾಯಲ್‌ವರೆಗೆ ನೀನು ತಂದೆ, ಚೆನ್ನಾಗೇ ತಂದೆ, ಯಾರು ಇಲ್ಲ ಅಂದ್ರು? ಆದ್ರೆ ಗೋಡೌನ್ ಬಾಗಿಲಿಗೆ ಹಿಮ್ಮುಖವಾಗಿ ಲಾರಿ ತಂದು ನಿಲ್ಲಿಸೋದು ಗಂಡಸರ… ಸರಿ ಸರಿ, ಗಂಡಸರ ಅನ್ನಲ್ಲ. ಹಿರಿಯರ ಕೆಲಸ. ನಂದು ಏಳು ವರ್ಷ, ನಿಂದು ಒಂದೂಕಾಲು. ಗೇಟಿನ ಮೇಲಿನ ಬೋರ್ಡಲ್ಲಿ ನಮ್ಮ ಲಾರಿ ನಂಬರೂ ಬಾಗಿಲಿನ ನಂಬರೂ ಬರ್ಲಿ, ಎರಡೇ ಏಟಿಗೆ ಒಳಗೆ ನಿಲ್ಲಿಸ್ತೀನಿ. ಬಂತಾ ನೋಡು?

ಬಂದಿಲ್ಲ ಅನ್ಸತ್ತೆ. ಬಂದಿದ್ರೆ ನೀನು ಹೇಳ್ತಿದ್ದೆ.

ಕಾಯೋಣ. ಅಷ್ಟರಲ್ಲಿ ಈ ಫಾರಂ ಮುಗಿಸ್ಬಿಡೋಣ. ಹನ್ನೆರಡರೊಳಗೆ ಫೋಟೋ ತೆಗೆದು ಕಳಿಸಿ ಅಂದಿದಾನೆ ಆಫೀಸಿನ ವರುಣ್. ಇರೋದು ಎರಡೇ ಬಾಕ್ಸು. ಒಂದನೇದು, ಇಬ್ಬರಿಗೂ ಬೇರೆ ಬೇರೆ ಲಾರಿ, ಬೇರೆ ಬೇರೆ ದಾರಿ. ಸೋಮವಾರ ಹೋದ್ರೆ ಶುಕ್ರವಾರ ಮನೆ. ಎರಡನೇದು, ಜೋಡಿ. ಈಗಿನ ಹಾಗೇ ಒಂದೇ ಲಾರಿ, ಸ್ವಲ್ಪ ನಾನು ಸ್ವಲ್ಪ ನೀನು. ಒಂದ್ಸಲ ಟಿಕ್ ಮಾಡಿದ್ರೆ ಎರಡು ವರ್ಷ ಬದಲಾಯಿಸೋ ಹಾಗಿಲ್ಲ. ನಾನು ಜೋಡಿ ಅಂತೀನಿ. ನೀನೇನಂತೀಯಾ ಅಂತ ಬೆಳಿಗ್ಗೆ ಉಪ್ಪಿಟ್ಟು ಬಡಿಸೋವಾಗ್ಲೇ ಗೊತ್ತಾಯ್ತು ಬಿಡು. ಸೌಟು ಪಾತ್ರೆಗೆ ಅಷ್ಟು ಜೋರಾಗಿ ಬಡಿಯೋ ಅಗತ್ಯ ಇರ್ಲಿಲ್ಲ.

ನಿಂಗೆ ನಿಂದೇ ಒಂದು ಲಾರಿ ಬೇಕು. ಅಷ್ಟೇ ತಾನೇ? ಗೊತ್ತು ಕಣೇ. ಇಲ್ಲೇ ಎರಡು ಬೀದಿ ಆಚೆ, ಆ ಫ್ಯಾಕ್ಟರಿಯಲ್ಲಿ ತಲೆಗೆ ಬಲೆ ಹಾಕ್ಕೊಂಡು ದೋಸೆ ಹಿಟ್ಟು ಪ್ಯಾಕ್ ಮಾಡ್ತಿದ್ಯಲ್ಲ, ಅಲ್ಲಿಗೆ ಬರೋ ಲಾರಿಗಳನ್ನ ನೋಡಿ ನೋಡಿ ಒಂದು ಶುಕ್ರವಾರ ನಾನು ಮನೆಗೆ ಬಂದ ತಕ್ಷಣ ಅಂದೆ, "ರೀ, ಇದನ್ನ ನಾನೂ ಓಡಿಸ್ತೀನಿ" ಅಂತ. ನಾನು ನಕ್ಕೆ. ಒಪ್ಕೋತೀನಿ, ನಕ್ಕೆ. ಕೈಯಲ್ಲಿದ್ದ ಕಾಫಿ ಅಂಗಿ ಮೇಲೆ ಚೆಲ್ಕೊಂಡು ನಕ್ಕೆ. ಒಂದ್ಸಲ ಫೇಲಾಗಿ, ಎರಡನೇ ಸಲಕ್ಕೆ ಪಾಸಾಗಿ ಲೈಸೆನ್ಸ್ ತಂದು ದೇವರ ಮುಂದೆ ಇಟ್ಟಾಗ… ಆವಾಗ ನಗ್ಲಿಲ್ವಲ್ಲ? ಹಾಂ? ಅತ್ತೆ. ನೀನು ನೋಡ್ಬಾರ್ದು ಅಂತ ಬಾತ್‌ರೂಮಿಗೆ ಹೋಗಿ ಅತ್ತೆ. ಗೊತ್ತಿತ್ತಾ ನಿಂಗೆ? ಎಲ್ಲಾ ಗೊತ್ತಿರತ್ತೆ ಈ ಹೆಂಗಸಿಗೆ!

ನಿನ್ನ ಮಗಳೂ ನಿನ್ನ ಕಡೆಗೇ. ನಿನ್ನೆ ಪ್ರತೀಕ್ಷಾಗೆ ಫೋನ್ ಮಾಡಿ, "ಏನಮ್ಮಾ, ಅಪ್ಪ ಅಮ್ಮ ಒಟ್ಟಿಗೆ ಇರೋದು ಬೇಡ್ವಾ ನಿಂಗೆ" ಅಂತ ಕನ್ನಡದಲ್ಲಿ ಕೇಳಿದ್ರೆ, "ಲೆಟ್ ಹರ್ ಹ್ಯಾವ್ ಹರ್ ಓನ್ ಟ್ರಕ್, ಅಪ್ಪಾ" ಅಂತ ಇಂಗ್ಲಿಷಲ್ಲಿ ಬೈದ್ಲು. ಆ 'ಅಪ್ಪಾ' ಒಂದೇ ಕನ್ನಡ.

ಆದ್ರೆ ಯೋಚ್ನೆ ಮಾಡು. ಒಬ್ಬಳೇ ಹೋಗ್ತೀಯಾ ಅಂತಿಟ್ಕೊ. ಸೌತಾಂಪ್ಟನ್ನಲ್ಲಿ ಲಾರಿ ನಿಲ್ಲಿಸಿ ಮಲಗ್ತೀಯಾ. ಗೊರಕೆ ಇಲ್ದೆ ನಿದ್ದೆ ಬರತ್ತಾ ನಿಂಗೆ? ಸುಳ್ಳು! ಕಳೆದ ತಿಂಗಳು ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ನನ್ನ ಗೊರಕೆ ನಿಂತಾಗ, ಸತ್ತೇ ಹೋದ್ನೇನೋ ಅಂತ ಮೂಗಿನ ಹತ್ರ ಬೆರಳಿಟ್ಟು ನೋಡಿದ್ದು ಯಾರು? ಆಮೇಲೆ ಚಿತ್ರಾನ್ನ ಮಾಡ್ಕೊಂಡು ಡಬ್ಬಿ ತೆರೆದು ಕೂತ್ರೆ, "ಉಪ್ಪು ಸ್ವಲ್ಪ ಕಮ್ಮಿ" ಅನ್ನೋಕೆ ಯಾರಿರ್ತಾರೆ ಅಲ್ಲಿ? ಆಯುಧ ಪೂಜೆ ದಿನ ಗಾಲಿಗೆ ನಿಂಬೆಹಣ್ಣು ಇಟ್ಟು ಹತ್ತಿಸಿದಾಗ ಯಾರ್ಡಿನ ಆ ಸೇಫ್ಟಿ ಆಫೀಸರ್ ಓಡಿ ಬಂದು ಲಾರಿ ಕೆಳಗೆ ಬಗ್ಗಿ, ಏನು ಸೋರ್ತಿದೆ ಅಂತ ಕೇಳ್ದ್ನಲ್ಲ, ಅವನಿಗೆ ಉತ್ತರ ಹೇಳಿದ್ದು ಯಾರು? ನಾನು! "ಸರ್, ಲೆಮನ್ ಜ್ಯೂಸ್" ಅಂತ. ಈಗ ನಕ್ಕೆ! ತುಟಿ ಅರಳ್ತು, ನೋಡ್ದೆ.

ಇನ್ನೊಂದು ವಿಷಯ. ಸಂಜೆ ಆದ್ರೆ ಸ್ಟೀರಿಂಗ್ ನಿಂಗೇ ಬಿಟ್ಟುಕೊಡ್ತೀನಿ. ಮಳೆ ಬಂದ್ರೂ ನಿಂಗೇ. "ಓಡಿಸಮ್ಮಾ, ಕೈ ಪಳಗ್ಲಿ" ಅಂತ. ಇಂಥ ಗಂಡ ಇನ್ನೆಲ್ಲಾದ್ರೂ ಸಿಗ್ತಾನಾ? ಬೇರೆಯವರಾಗಿದ್ರೆ ಹೆಂಡತಿ ಕೈಗೆ ಕೀ ಕೂಡ ಕೊಡ್ತಿರ್ಲಿಲ್ಲ.

ಏನು? ಏನು ಹಾಗೆ ನೋಡ್ತೀಯಾ?

ನಂಬರ್ ಬಂತಾ? …ಇಲ್ಲ ಅಲ್ವಾ? ಹೂಂ, ನಾನೂ ನೋಡ್ತಾನೇ ಇದೀನಿ. ಇನ್ನೂ ಬಂದಿಲ್ಲ. ಇವರದ್ದು ಯಾವಾಗ್ಲೂ ಲೇಟು.

ಇವತ್ತು ಕ್ಯಾಬಿನ್ನು ಎಷ್ಟು ಭಣಭಣ ಅಂತಿದೆ ನೋಡು. ಪಕ್ಕದ ಸೀಟಲ್ಲಿ ಕೂತವರಿಗೆ ಮೊದಲ ಮುಕ್ಕಾಲು ಗಂಟೆ ವಿರಾಮದ ಲೆಕ್ಕ ಅಂತ ಕಾನೂನೇ ಇದೆ. ನಿನ್ನ ಬಾಯಿಗೆ ಎಂದಾದ್ರೂ ವಿರಾಮ ಕೊಟ್ಟಿದೀಯಾ ನೀನು? ಊರಲ್ಲಿ ನಿಮ್ಮಮ್ಮ ಸಹಸ್ರನಾಮ ಹೇಳ್ತಿದ್ರಲ್ಲ, ಹಾಗೆ ನೀನು ಬೋರ್ಡ್ ಓದೋದು! "ಮುಂದೆ ರೌಂಡಬೌಟು, ಎರಡನೇ ದಾರಿ. ಐವತ್ತು ಅಂತಿದೆ ಕಣ್ರೀ, ಐವತ್ತು. ಎಡಗಡೆ ಲೇನ್ ಮುಚ್ಚಿದೆಯಂತೆ." ಅಂಗಡಿ ಬೋರ್ಡೂ ಬಿಡಲ್ಲ. ಈಸ್ಟ್ ಹ್ಯಾಮ್‌ಗೆ ಹೋದಾಗ ಹೋಟೆಲ್ ಗೋಡೆ ಮೇಲಿನ ತಿಂಡಿ ಪಟ್ಟಿನೆಲ್ಲ ಇಡ್ಲಿಯಿಂದ ಬಾದಾಮಿ ಹಾಲಿನವರೆಗೂ ಓದ್ತೀಯಾ, ಕೊನೆಗೆ ನಾನು ಹೇಳೋದು ಮಸಾಲೆ ದೋಸೆ. ಮೊದ್ಲು ಮೊದ್ಲು ತಲೆ ಚಿಟ್ಟು ಹಿಡೀತಿತ್ತು. "ಅಮ್ಮಾ ತಾಯೀ, ನಂಗೂ ಕಣ್ಣಿದೆ" ಅಂತಿದ್ದೆ. ಈಗ… ಈಗ ಅಭ್ಯಾಸ ಆಗ್ಬಿಟ್ಟಿದೆ ಕಣೇ. ನೀನು ಓದ್ತಾ ಇದ್ರೆ ಏನೋ ಒಂದು ಧೈರ್ಯ.

ಆ ಸೇತುವೆ ವಿಷಯ ಮನಸಲ್ಲಿ ಇಟ್ಕೊಂಡಿದೀಯಾ? ಅದಕ್ಕೇನಾ ಈ ಮುಖ? ಹೋದ ಮಂಗಳವಾರದ್ದು ಅದು, ಮುಗೀತು. ನೀನು ಹಿಂದೆ ಫ್ಲಾಸ್ಕ್ ತೆಗೀತಾ ಇದ್ದೆ, ನಾನು ಆ ರೈಲ್ವೆ ಸೇತುವೆ ಕಡೆ ತಿರುಗಿದೆ, ತಿರುಗ್ಬಾರ್ದಿತ್ತು. ಎತ್ತರ ಹದಿಮೂರು ಅಡಿ ಚಿಲ್ಲರೆ ಅಂತ ಇಷ್ಟು ದೊಡ್ಡ ಬೋರ್ಡು ಇತ್ತು, ನಮ್ಮ ಲಾರಿ ಅದರಡಿ ಹಿಡಿಸಲ್ಲ ಅಂತೀಯಾ. ಇತ್ತು, ಇಲ್ಲ ಅಂದ್ನಾ? ಯೋಚ್ನೆ ಬೇರೆ ಎಲ್ಲೋ ಇತ್ತು, ಅಷ್ಟೇ. ನೀನು "ನಿಲ್ಸೀ!" ಅಂತ ಕಿರುಚಿದ್ದಕ್ಕೆ ಹಿಂದೆ ಬರ್ತಿದ್ದ ಬಸ್ಸಿನವನೂ ಬ್ರೇಕ್ ಹಾಕ್ದ! ಒಂದು ಲಾರಿ ಉದ್ದ ಜಾಗ ಬಾಕಿ ಇತ್ತು. ಹಿಂದೆ ತಗೊಂಡೆ, ಬಂದ್ವಿ. ಅವತ್ತಿಂದ ನೀನು ಏನೋ ಯೋಚ್ನೆ ಮಾಡ್ತಾ ಇದೀಯಾ. ಚಪಾತಿ ಲಟ್ಟಿಸೋವಾಗ ಲಟ್ಟಣಿಗೆ ಹಿಡ್ಕೊಂಡು ನನ್ನನ್ನೇ ನೋಡ್ತಾ ನಿಲ್ತೀಯಾ. ಹೆದರಿಕೆ ಆಗತ್ತೆ ಮಾರಾಯ್ತಿ.

ಓ! ಓ ನೋಡು, ಆ ಹಸಿರು ಲಾರಿ ಹೊರಟ್ತಲ್ಲ! ನಮಗಿಂತ ಆಮೇಲೆ ಬಂದವನು ಅವನು! ಅನ್ಯಾಯ ನೋಡು. ಗೇಟಿನವನಿಗೆ ಏನೋ ಪರಿಚಯ ಇರ್ಬೇಕು. ಇಲ್ಲೂ ವಶೀಲಿ ಶುರುವಾಯ್ತು… ಅವನ ನಂಬರ್ ಬಂದಿರ್ಬೇಕಲ್ಲ? ಬೋರ್ಡಲ್ಲಿ ಕೆಂಪಗೆ ಏನೋ ಉರೀತಾ ಇದೆ. ಅದು ಅವನದ್ದೇ. ಹೂಂ, ಅವನದ್ದೇ.

ಚಂದ್ರೀ, ಅವನದ್ದೇ ತಾನೇ?

ಏನಾದ್ರೂ ಒಂದು ಹೇಳು. ಇಷ್ಟು ಹಟ ಒಳ್ಳೇದಲ್ಲ. ಜೋಡಿ ಬೇಡ ಅಂತಾದ್ರೂ ಹೇಳು.

ಯಾರದು, ಬಾಗಿಲು ಬಡೀತಿರೋದು? ಗೇಟಿನವನು. ಇರು, ಗಾಜು ಇಳಿಸ್ತೀನಿ. ಯೆಸ್ ಮೇಟ್? …ವಾಟ್? ಅವರ್ ನಂಬರ್? …ನೋ ನೋ, ವಿ ಆರ್ ವೇಟಿಂಗ್, ಇಟ್ ಡಿಡಂಟ್… ಹೌ ಲಾಂಗ್? …ಟೆನ್ ಮಿನಿಟ್ಸ್?

ಸಾರಿ. ಸಾರಿ ಮೇಟ್. ಒನ್ ಮಿನಿಟ್.

ಹತ್ತು ನಿಮಿಷದಿಂದ ನಮ್ಮ ನಂಬರೇ ಬೋರ್ಡಲ್ಲಿದೆಯಂತೆ. ನೀನು ಯಾಕೆ ಹೇಳ್ಲಿಲ್ಲ? ಎದುರಿಗೇ ಇದೆ, ಕಣ್ಣು ಬಿಟ್ಕೊಂಡು ಕೂತಿದೀಯಾ, ನಿಂಗೆ ಕಾಣಿಸ್ಲಿ…

ಕಾಣಿಸ್ತಿತ್ತು. ನಿಂಗೆ ಕಾಣಿಸ್ತಿತ್ತು.

ಬೇಕಂತಲೇ ಸುಮ್ನೆ ಕೂತಿದ್ದೆ.

…ನೋಡ್ತಾನೇ ಇದೀನಿ ಅಂದೆ ನಾನು. ಎರಡೆರಡು ಸಲ ಕೇಳ್ದೆ. ನೀನು ಬೋರ್ಡ್ ನೋಡ್ತಿರ್ಲಿಲ್ಲ ಅಲ್ವಾ? ಇಷ್ಟು ಹೊತ್ತೂ ನನ್ನನ್ನೇ ನೋಡ್ತಾ ಕೂತಿದ್ದೆ.

ಅಳ್ಬೇಡ. ಬೈಯಿ, ಅಳ್ಬೇಡ.

ಪೊರೆ ಬಂದಿದೆ ಕಣೇ. ಎರಡೂ ಕಣ್ಣಿಗೆ. ಫೆಬ್ರವರಿಯಲ್ಲೇ ಹೈ ಸ್ಟ್ರೀಟಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿದವಳು ಹೇಳಿದ್ಲು, ಆಪರೇಷನ್ ಆಗೋವರೆಗೂ ಲಾರಿ ಮುಟ್ಟಬೇಡಿ, ಲೈಸೆನ್ಸ್ ಆಫೀಸಿಗೆ ತಿಳಿಸಿ ಅಂತ. ಕಾಗದ ನನ್ನ ಹಳೇ ಸೂಟ್‌ಕೇಸಲ್ಲಿದೆ, ಮದುವೆ ಫೋಟೋ ಆಲ್ಬಮ್ ಕೆಳಗೆ. ಹತ್ತಿರದ್ದೆಲ್ಲ ಕಾಣತ್ತೆ. ನಿನ್ನ ಮುಖ ಚೆನ್ನಾಗಿ ಕಾಣತ್ತೆ. ದೂರದ್ದು… ದೂರದ್ದನ್ನ ನೀನು ಓದ್ತಿದ್ಯಲ್ಲ ಅಂತ ಬಿಟ್ಟೆ. ನಾಲ್ಕು ತಿಂಗಳು ನಾನು ನಿನ್ನ ಬಾಯಿ ಕೇಳ್ಕೊಂಡು ಲಾರಿ ಓಡಿಸಿದೀನಿ.

ನಾಚಿಕೆ ಆಗತ್ತೆ ಹೇಳೋಕೆ. ಆ ಸೇತುವೆ ದಿನ ಪಕ್ಕದಲ್ಲಿ ಇದ್ದಿದ್ದು ನೀನು. ಹಿಂದೆ ಒಂದು ಬಸ್ಸು ತುಂಬ ಜನ. ಅವತ್ತೇ ಹೇಳ್ಬೇಕಿತ್ತು. ಬದಲಿಗೆ ಏನು ಮಾಡ್ದೆ? ನಿನ್ನ ಕಿರುಚಾಟನ ಅಣಕಿಸಿದೆ.

ಯಾಕೆ ಅಂತ ಕೇಳ್ಬೇಡ. ಭಯ ಕಣೇ, ಇನ್ನೇನು? ಐದು ವರ್ಷಕ್ಕೂ ಜಾಸ್ತಿ ನಾನು ಸೋಮವಾರ ಹೋಗಿ ಶುಕ್ರವಾರ ಬರ್ತಿದ್ದೆ. ನೀನು ಆ ಫ್ಲಾಟಲ್ಲಿ ನಾಲ್ಕು ರಾತ್ರಿ ಹೇಗೆ ಇರ್ತಿದ್ದೆ ಅಂತ ಒಂದು ದಿನ ಕೇಳ್ಲಿಲ್ಲ ನಾನು. ಈಗ ಅದೇ ಫ್ಲಾಟಲ್ಲಿ ನಾನೊಬ್ಬನೇ ಕೂರ್ಬೇಕು ಅಂದಾಗ… ಜೋಡಿ ಜೋಡಿ ಅಂತ ಬಡ್ಕೊಂಡೆ. ನಿನ್ನ ಲಾರಿ ನಿಂಗೆ ಸಿಗದಿದ್ರೂ ಸರಿ, ನೀನು ನನ್ನ ಪಕ್ಕದಲ್ಲಿ ಕೂತು ಓದ್ತಾ ಇರ್ಲಿ ಅಂತ.

ಎಲ್ಲಿಗೆ ಹೊರಟೆ? ಚಂದ್ರೀ! ಯಾಕೆ ಇಳಿದೆ? ಏ, ಬಾಗಿಲು ಹಾಕ್ಕೊಂಡು…

ಓ. ಈ ಕಡೆ ಬಂದ್ಯಾ.

ತಡಿ. ತಡಿ, ಸರೀತೀನಿ. ಮೊದ್ಲು ನನ್ನ ಕಾರ್ಡ್, ಯಾರು ಎಷ್ಟು ಹೊತ್ತು ಓಡಿಸಿದ್ರು ಅಂತ ಲೆಕ್ಕ ಇಡೋ ಈ ಪೆಟ್ಟಿಗೆಯಿಂದ ತೆಗೀಬೇಕು. ಓಡಿಸೋರ ಕಾರ್ಡು ಮೊದಲನೇ ಜಾಗದಲ್ಲಿ, ಪಕ್ಕದವರದ್ದು ಎರಡನೇ ಜಾಗದಲ್ಲಿ. ನಮ್ಮ ಮದುವೆ ರಿಜಿಸ್ಟರ್ ಆಗಿರೋದೇ ಇದರಲ್ಲಿ ಅಂತ ತಮಾಷೆ ಮಾಡ್ತಿದ್ದೆ, ನೆನಪಿದೆಯಾ? ಬಂತು. ನಂದು ಜೇಬಲ್ಲಿರ್ಲಿ. ನಿಂದು ಮೊದಲನೇ ಜಾಗಕ್ಕೆ ಹಾಕು. ಮನೆಗೆ ಹೋದ ತಕ್ಷಣ ಲೈಸೆನ್ಸ್ ಆಫೀಸಿಗೆ ತಿಳಿಸ್ತೀನಿ. ವರುಣ್‌ಗೆ ಈಗ್ಲೇ ಫೋನ್ ಮಾಡ್ತೀನಿ, ನಿನ್ನ ಎದುರಿಗೇ.

ಹತ್ತು. ಕೈ ಕೊಡು.

ಫಾರಂ ಎಲ್ಲಿ? ಇಲ್ಲಿದೆ. ಒಂದನೇ ಬಾಕ್ಸು. ನೋಡ್ಕೊ, ನಾನೇ ಟಿಕ್ ಮಾಡ್ತಿದೀನಿ. ಹೆಸರು ಒಂದೇ ಬರೀತೀನಿ. ಚಂದ್ರಿಕಾ ಅನಂತಮೂರ್ತಿ. ನೀನು ಸೋಮವಾರ ಹೋಗು. ನಾನು ಶುಕ್ರವಾರದವರೆಗೂ ಕಾಯ್ತೀನಿ. ಸಾರು ಮಾಡೋದು ಕಲೀತೀನಿ, ಉಪ್ಪು ಕಮ್ಮಿ ಅಂತ ನೀನು ಬೈಯುವಂತೆ.

ಸೀಟು ಮುಂದಕ್ಕೆ ಎಳ್ಕೊ. ಇನ್ನೂ ಸ್ವಲ್ಪ. ಕಾಲು ಸಿಕ್ತಾ? ಅಲ್ಲೇ ಇರ್ಲಿ ಬಿಡು ಅದು, ಇನ್ನು ಅದನ್ನ ಹಿಂದಕ್ಕೆ ತಳ್ಳೋರು ಯಾರೂ ಇಲ್ಲ.

ಈಗಾದ್ರೂ ಮಾತಾಡು. ಬೋರ್ಡಲ್ಲಿ ಏನಿದೆ? ಎಷ್ಟನೇ ಬಾಗಿಲು?

ಓದೇ… ಜೋರಾಗಿ ಓದು.