ಲೀಟರಿಗೆ ಹನ್ನೊಂದು

…ಹದಿನೆಂಟಾ? ಇಲ್ಲ ಕಣಮ್ಮ, ಸಾಧ್ಯವೇ ಇಲ್ಲ. ನೀನು ಎಲ್ಲೋ ಲೆಕ್ಕ ತಪ್ಪಿದ್ದೀಯ. ನನ್ನ ವ್ಯಾನು ಲೀಟರಿಗೆ ಹದಿನೆಂಟು ಕಿಲೋಮೀಟರು ಕೊಡೋದುಂಟಾ? ಒಂದು ವರ್ಷದಿಂದ ಹನ್ನೊಂದು ದಾಟಿಲ್ಲ ಅದು. ಟ್ಯಾಂಕು ಬಾಯಿಮಟ್ಟ ತುಂಬಿಸಿದ್ಯಾ? ಎರಡು ಸಲವೂ? ಅದೇ ಬಂಕಲ್ಲೇ? ಹೂಂ… ಹೊರಡುವಾಗ ಮೀಟರು ಸೊನ್ನೆ ಮಾಡಿದ್ಯಾ? ಮಾಡಿದ್ದೀಯ. ಅಂಗಾದ್ರೆ ಬಂಕಿನವನ ಕೈ ಸರಿಯಿಲ್ಲ, ಬುಡು. ನೊರೆ ಮೇಲಕ್ಕೆ ಬಂದ ತಕ್ಷಣ ಪೈಪು ಎತ್ತಿಬುಟ್ಟಿರ್ತಾನೆ.

ಯಾಕೆ ನಗ್ತೀಯ? ನಗೋವಂಥದ್ದು ಏನು ಹೇಳಿದೆ ನಾನು? ಕೂತ್ಕೋ ಭವ್ಯ, ನಿಂತ್ಕೊಂಡೇ ಅಪ್ಪನ ಹತ್ರ ವಾದ ಮಾಡ್ಬೇಡ. ಇಲ್ಲೇ, ಎದುರಿಗೆ ಆ ಕುರ್ಚಿ ಹಾಕ್ಕೋ. ಸ್ಕೂಲು ಬಿಡೋದು ಮೂರೂವರೆಗೆ, ಇನ್ನೂ ಹೊತ್ತಿದೆ. ವ್ಯಾನಿನ ಕೀ ಇಲ್ಲಿ ಕೊಡು. ಬಿಸಿಲಿಗೆ ಕಾದು ಕೆಂಡ ಆಗಿರ್ತದೆ, ಬಾಗಿಲು ತೆಗೆದಿಟ್ಟು ಬರ್ತೀನಿ. ಮಕ್ಕಳು ಕೂರಬೇಕಲ್ಲ… ಆಮೇಲೆ ಕೊಡ್ತೀಯಾ? ಆಯ್ತಮ್ಮ, ಆಮೇಲೇ ಕೊಡು. ನನಗೇನು ಅವಸರ?

ಇದನ್ನೆಲ್ಲ ಶುರು ಮಾಡಿದವನು ನಿನ್ನ ಗಂಡ ಗೌರೀಶ. ಹಬ್ಬಕ್ಕೆ ಬಂದವನು ಹೋಳಿಗೆ ತಿಂದು ಸುಮ್ಮನಿರಬಾರದಾ? "ಮಾವ, ನಿಮ್ಮ ವ್ಯಾನು ಕುಡಿಯೋದ್ರಲ್ಲಿ ಎಮ್ಮೆ, ಹಾಲು ಕರೆಯೋದ್ರಲ್ಲಿ ಮೇಕೆ" ಅಂತಾನೆ! ನಿಮ್ಮಮ್ಮ ಬೇರೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನ ಡೀಸೆಲ್ ಕಾರು ಕೊರಟಗೆರೆಯಿಂದ ತುಮಕೂರಿಗೆ ಹೋಗಿ ಬಂದ್ರೆ ಇಪ್ಪತ್ತೆರಡು ಕೊಡ್ತದಂತೆ. ಕೊಡದೇ ಏನು? ಒಬ್ಬನೇ ಕೂತು, ನುಣ್ಣಗಿನ ರೋಡಲ್ಲಿ ಐದನೇ ಗೇರಿಗೆ ಹಾಕಿ ಕಾಲು ಸಡಿಲ ಬಿಟ್ರೆ ಎಲ್ಲ ಗಾಡಿನೂ ಕೊಡ್ತದೆ. ಅದೇ ಕಾರನ್ನ ಸಂತೆ ದಿನ ಮಧುಗಿರಿ ಪೇಟೆಯೊಳಗೆ ಓಡಿಸ್ಲಿ ನೋಡಣ. ಹದಿನಾಲ್ಕಕ್ಕೆ ಬಂದು ಕೂತ್ಕೊಳ್ತದೆ.

ನಮ್ಮ ಮೂಲೆಮನೆ ನವೀನ್ ಕುಮಾರನದ್ದೂ ಅದೇ ಕಥೆ. ತಿರುಮಣಿ ಸೋಲಾರ್ ಪಾರ್ಕಿನ ಕೆಲಸದವನು, ಕರೆಂಟಿನ ಕಾರು ತಂದವ್ನೆ. "ಸ್ವಾಮಿ, ನಂದು ಸೂರ್ಯನ ಮೇಲೆ ಓಡ್ತದೆ, ನಿಮ್ಮದು?" ಅಂದ. ನಂದು ಶಿವನ ಮೇಲೆ ಓಡ್ತದಪ್ಪ, ನಿನ್ನ ಸೂರ್ಯ ಓಡೋದೂ ಅವನ ಮೇಲೇ ಅಂದೆ. ನಕ್ಕುಬುಟ್ಟ! ಆಮೇಲೆ ಮೆಲ್ಲಗೆ ಒಪ್ಕೊಂಡ ನೋಡು, ಪಾವಗಡದ ಬಿಸಿಲಲ್ಲಿ ಏಸಿ ಹಾಕಿದ್ರೆ ಕಂಪನಿಯವರು ಹೇಳಿದ ದೂರ ಅವನದ್ದೂ ಬರಲ್ವಂತೆ. ಕಾಗದದ ಮೇಲೆ ಬರೆಯೋ ಮೈಲೇಜೇ ಬೇರೆ, ಹಂಪು ಹಳ್ಳ ದನ ಕುರಿ ಎಲ್ಲ ದಾಟಿ ಮನೆಗೆ ಬರೋ ಮೈಲೇಜೇ ಬೇರೆ.

ನನ್ನ ಗಾಡಿಯಲ್ಲಿ ಒಂಬತ್ತು ಮಕ್ಕಳು ಕಣಮ್ಮ. ಒಬ್ಬೊಬ್ಬರ ಬೆನ್ನ ಮೇಲೂ ಅವರಷ್ಟೇ ತೂಕದ ಚೀಲ. ಅದಕ್ಕೇ ಹನ್ನೊಂದು. ಎದುರುಗಾಳಿ ಬೇರೆ… ಏನು? ಹೌದು. ಹೌದಮ್ಮ, ಮೊನ್ನೆ ನೆನ್ನೆ ಎರಡು ದಿನ, ಇವತ್ತು ಬೆಳಗ್ಗೆಯೂ, ನೀನೂ ಅವೇ ಮಕ್ಕಳನ್ನ ಕರ್ಕೊಂಡು ಹೋಗಿ ಬಂದೆ. ಅದೇ ಚೀಲ, ಅದೇ ಕೊಡಿಗೇನಹಳ್ಳಿ ರೋಡು. ಗಾಳಿನೂ ಅದೇ ಅಂತೀಯಾ? ಗಾಳಿ ದಿನಾ ಒಂದೇ ತರ ಇರ್ತದಾ, ಹುಚ್ಚಿ!

ಟಯರು ಇರ್ಬೇಕು. ಹೂಂ, ಟಯರೇ. ಅದಕ್ಕೇ ತಾನೇ ನಾನು ಸಿರಾಕ್ಕೆ ಹೋಗಿದ್ದು? ಇನಾಯತುಲ್ಲಾನ ಅಂಗಡಿ ಮುಂದೆ ಟಯರು ಗುಡ್ಡೆ ಹಾಕಿರ್ತಾನೆ, ಹಳೇ ಸ್ನೇಹಿತ, ಒಳ್ಳೇದು ಆರಿಸಿ ಕೊಡ್ತಾನೆ ಅಂತ… ಟಯರು ನೋಡೋಕೆ ಹೋಗೋನು ಗಾಡಿ ಬಿಟ್ಟು ಬಸ್ಸಲ್ಲಿ ಯಾಕೆ ಹೋದೆ ಅಂತೀಯಾ? ನೋಡು, ಪೊಲೀಸರ ತರ ಕೇಳ್ಬೇಡ. ಗಾಡಿ ನಾನು ತಗೊಂಡು ಹೋಗಿದ್ರೆ ಮಕ್ಕಳು ಸ್ಕೂಲಿಗೆ ಹೆಂಗೆ ಹೋಗೋವು? ಅಲ್ಲೇ ರಾತ್ರಿ ಉಳ್ಕೊಂಡಿದ್ದು… ಅದು ಅವನ ಬಲವಂತ. ಅವನ ಹೆಂಡ್ತಿ ಖಾಜಾಬಿ ನನಗೋಸ್ಕರ ಬೇರೆ ಒಲೆ ಹಚ್ಚಿ, ಹೊಸ ಪಾತ್ರೆಯಲ್ಲಿ ಅನ್ನ ಮಾಡಿಸಿದ್ಲು. ಬೆಳಗ್ಗೆ ನಾನು ಲಿಂಗಪೂಜೆಗೆ ಕೂತ್ರೆ ಮನೆಯವರೆಲ್ಲ ಸದ್ದು ಮಾಡದೆ ಓಡಾಡಿದ್ರು. ಅಂಥ ಜನ.

ಕಣ್ಣು ಕೆಂಪಗಿದೆಯಾ? ಬಸ್ಸಿನ ಧೂಳು.

ನೀನು ಅವನಿಗೆ ಫೋನ್ ಮಾಡಿದ್ಯಾ? ಯಾವಾಗ? …ಏನಂದ? ಟಯರಿನ ವಿಷಯ ಕೇಳಿದ್ರೆ ಏನೂ ಹೇಳ್ಲಿಲ್ವಾ? "ಪರ್ವತಯ್ಯನಿಗೋಸ್ಕರ ದುವಾ ಮಾಡ್ತಾ ಇದ್ದೀನಮ್ಮ" ಅಂದನಾ? ಅಷ್ಟೇನಾ? ಒಳ್ಳೇ ಮನುಷ್ಯ… ಟಯರಿಗೆ ಯಾರಾದ್ರೂ ದುವಾ ಮಾಡ್ತಾರಾ ಅಂತೀಯಲ್ಲ, ಮಾಡ್ತಾರೆ ಕಣಮ್ಮ! ನಾವು ನಿಂಬೆಹಣ್ಣು ಇಟ್ಟು ಚಕ್ರಕ್ಕೆ ವಿಭೂತಿ ಹಚ್ಚಲ್ವಾ? ಅಂಗೇ ಅದು. ಇಬ್ಬರು ಕೇಳಿದ್ರೂ ಕೇಳಿಸ್ಕೊಳ್ಳೋನು ಒಬ್ಬನೇ.

ಕೀ ಕೊಡು ತಾಯಿ. ಹೊತ್ತಾಗ್ತಾ ಇದೆ.

ಯಾವ ಗೇರಾ? ನಾನು ಯಾವ ಗೇರಲ್ಲಿ ಓಡಿಸ್ತೀನಿ ಅಂತ ನಿನಗ್ಯಾಕೆ? …ಮಕ್ಕಳು ಹೇಳಿದ್ವಾ? "ಅಕ್ಕ, ತಾತ ಇಷ್ಟು ಜೋರಾಗಿ ಹೋಗಲ್ಲ, ತಾತನ ಗಾಡಿ ಗುಂಯ್ ಅಂತದೆ" ಅಂದ್ವಾ? ಬಲೇ ಗಟ್ಟಿ ಅವು. ಹೌದು, ಎರಡನೇ ಗೇರಲ್ಲೇ ಹೋಗ್ತೀನಿ. ಮನೆಯಿಂದ ಸ್ಕೂಲಿನ ತನಕ ಎರಡನೇ ಗೇರು. ಮುಚ್ಚುಮರೆ ಏನಿಲ್ಲ ಅದರಲ್ಲಿ. ನಾನು ಪಂಚಾಕ್ಷರಿ ಹೇಳ್ತಾ ಓಡಿಸೋನು. ಒಂದು ಕರೆಂಟು ಕಂಬದಿಂದ ಇನ್ನೊಂದು ಕಂಬಕ್ಕೆ ನಿಧಾನವಾಗಿ ಐದು ಸಲ ನಮಃ ಶಿವಾಯ. ಐದು ಆಯ್ತು, ಕಂಬ ಬಂತು. ಮತ್ತೆ ಐದು. ಬೇಗ ಓಡಿಸಿದ್ರೆ ಮಂತ್ರ ಮುಗಿಯೋ ಮೊದಲೇ ಕಂಬ ಹಿಂದಕ್ಕೆ ಹೋಗ್ತದೆ, ಮನಸ್ಸು ಗಲಿಬಿಲಿ ಆಗ್ತದೆ, ಎಲ್ಲಿದ್ದೀನಿ ಅಂತ… ಅಂದ್ರೆ, ಜಪ ಎಲ್ಲಿಗೆ ಬಂತು ಅಂತ ತಿಳಿಯಲ್ಲ. ಅಷ್ಟೇ. ಎರಡನೇ ಗೇರಿಗೆ ಪೆಟ್ರೋಲು ಜಾಸ್ತಿ ಕುಡೀತದೆ. ಕುಡೀಲಿ. ಭಗವಂತನ ಹೆಸರಿಗೆ ಖರ್ಚಾಗೋ ಪೆಟ್ರೋಲು ಅಂದ್ಕೊಂಡ್ರೆ ಆಯ್ತು.

ಏನಮ್ಮ ಅಂಗೆ ನೋಡ್ತೀಯ?

ಕೂಗೋದಾ? ಮಕ್ಕಳು ನಿನ್ನ ಗಾಡಿಯಲ್ಲೂ ಕೂಗಿದ್ವಾ? "ಎಡಕ್ಕೆ ನಾಯಿ! ಬಲಕ್ಕೆ ಬೈಕು! ಎಡಕ್ಕೆ ಅಜ್ಜಿ, ಅಜ್ಜಿ!" ಅಂತ ದಾರಿ ಉದ್ದಕ್ಕೂ? ಹ್ಹ ಹ್ಹ! ನಿನ್ನ ಕಿವಿ ತೂತು ಬಿದ್ದಿರ್ಬೇಕು. ಅಯ್ಯೋ, ಅದು ಆಟ ಕಣಮ್ಮ. ಎಡಗಡೆ ಕಿಟಕಿ ಮಾನಸಳದ್ದು, ಬಲಗಡೆದು ಉಮರನದ್ದು. ಯಾರು ಮೊದಲು ನೋಡಿ ಹೇಳ್ತಾರೋ ಅವರಿಗೆ ಮಲ್ಲೇಶ್ವರನ ಗುಡಿ ಕಲ್ಲುಸಕ್ಕರೆ. ಮಕ್ಕಳಿಗೆ ಪ್ರಸಾದ ಸಿಕ್ಕಂಗೂ ಆಯ್ತು, ಒಳಗೆ ಜಗಳ ಆಡದೆ ಹೊರಗೆ ನೋಡಿದಂಗೂ ಆಯ್ತು. ಆ ಮಾನಸ ಅವ್ಳಲ್ಲ, ಹನುಮಕ್ಕನ ಮೊಮ್ಮಗಳು, ಬೇಲಿ ಸಂದಿಯಲ್ಲಿರೋ ಕೋಳಿನೂ ಬಿಡಲ್ಲ. ಅವಳು ಕೂಗಿದ್ಲು ಅಂದ್ರೆ ನನ್ನ ಕಾಲು ತಾನಾಗೇ ಬ್ರೇಕಿನ ಮೇಲಿರ್ತದೆ. ಒಂದು ದಿನ, ಒಂದೇ ಒಂದು ದಿನ, ಯಾರಿಗಾದ್ರೂ ಒಂದು ಗೀರು ಬಿದ್ದಿದೆಯಾ? ಹನುಮಕ್ಕ ದಿನಾ ಬೆಳಗ್ಗೆ ಮಗೂನ ಹತ್ತಿಸಿ ಏನಂತಾಳೆ ಗೊತ್ತಾ? "ನಿಮ್ಮ ಗಾಡಿಗೆ ಹತ್ತಿಸಿದ್ರೆ ಗುಡಿಯೊಳಗೆ ಬಿಟ್ಟು ಬಂದಂಗೆ ಸ್ವಾಮಿ" ಅಂತಾಳೆ.

ಏನು ಕೇಳಿದ್ಲು? ಮಾನಸನಾ? ನಿನ್ನನ್ನಾ?

ಇನ್ನೊಂದು ಸಲ ಹೇಳು.

"ಅಕ್ಕ, ನಾವು ಹೇಳದಿದ್ರೂ ನಿಮಗೆ ಕಾಣ್ತದಾ?"

…ಮಗು ಕಣಮ್ಮ ಅದು. ಎರಡನೇ ಕ್ಲಾಸು. ಮಕ್ಕಳು ಏನೇನೋ ಕೇಳ್ತವೆ. ನೀನು ಸಣ್ಣವಳಿದ್ದಾಗ, ಚಂದ್ರನಿಗೆ ಜ್ವರ ಬರ್ತದಾ ಅಂತ ಕೇಳ್ತಿದ್ದೆ. ಅದನ್ನೇ ದೊಡ್ಡದು ಮಾಡ್ಕೊಂಡು ರಾತ್ರಿಯೆಲ್ಲ ನಿದ್ದೆ ಕೆಡಿಸ್ಕೊಂಡ್ಯಾ? ನಿಮ್ಮಮ್ಮನಿಗೆ ಹೇಳ್ಲಿಲ್ಲ ತಾನೇ? ಹೇಳ್ಬೇಡ. ಅವಳಿಗೆ ಮೊದಲೇ ಬೀಪಿ.

ಏನು, ನನಗೆ ಕಾಣಲ್ಲ ಅಂತೀಯಾ? ಹೇಳ್ತೀನಿ ಕೇಳು. ನಿನ್ನ ಸೀರೆ ಹಸಿರು. ಅಂಚು ಮಾವಿನಕಾಯಿ. ಕೈಯಲ್ಲಿ ಕೀ, ಬಿಗಿಯಾಗಿ ಹಿಡ್ಕೊಂಡಿದ್ದೀಯ, ಬೆರಳು ಬೆಳ್ಳಗಾಗಿದೆ. ಸಾಕಾ? ಇನ್ನೂ ದೂರದ್ದು ಬೇಕಾ? ಅಗೋ, ಆ ಕಡೆ ನೋಡು, ಮಧುಗಿರಿ ಬೆಟ್ಟ. ಕೋಟೆ ಗೋಡೆ ಬಂಡೆ ಮೇಲೆ ದಾರ ಇಟ್ಟಂಗೆ ಹೋಗಿದೆ. ಮೇಲೆ ಒಂದು ಮೋಡ, ಮಳೆದಲ್ಲ, ಬರೀ ಬಿಳೀದು, ಮೆಲ್ಲಗೆ ಪಾವಗಡದ ಕಡೆ ಹೊರಟಿದೆ. ಅಷ್ಟು ದೂರದ್ದು ಇಷ್ಟು ಚೆನ್ನಾಗಿ ಕಾಣೋನಿಗೆ ಗಾಡಿ ಓಡಿಸೋಕೆ ಬರಲ್ಲ ಅಂದ್ರೆ ಯಾರು ನಂಬ್ತಾರೆ? ಬೆಳಗ್ಗೆ ವ್ಯಾನು ರೋಡಿಗೆ ತಿರುಗಿಸಿದ ತಕ್ಷಣ ಆ ಬೆಟ್ಟ ಎದುರಿಗೆ ಬಂದು ನಿಲ್ಲುತ್ತಲ್ಲ, ಆಗ ನನಗೆ ಒಂದೇ ಅನ್ನಿಸೋದು. ಸಾಕ್ಷಾತ್ ಲಿಂಗವೇ ಕೂತು ಬಾ ಅಂತ ಕರೀತಿದೆ, ಇನ್ನು ನನಗೇನು ಭಯ ಅಂತ. ಅದೊಂದನ್ನೇ ನೋಡ್ತಾ ಹೋಗ್ತೀನಿ. ಮಿಕ್ಕಿದ್ದು ಅವನು ನೋಡ್ಕೊಳ್ತಾನೆ. ಅಲ್ವಾ? ಇಷ್ಟು ದಿನ ನೋಡ್ಕೊಂಡಿಲ್ವಾ? ಹೇಳು.

ಹೇಳಮ್ಮ.

…ಭವ್ಯ?

ಎಲ್ಲಿ ಹೋದೆ? ಈಗ ತಾನೇ ಇಲ್ಲಿ, ಕುರ್ಚಿ ಮೇಲೆ… ಒಳಗೆ ಹೋದ್ಯಾ? ನೋಡು, ಕೋಪ ಮಾಡ್ಕೊಂಡು ಮಾತು ಅರ್ಧಕ್ಕೆ ಬಿಟ್ಟು ಎದ್ದು ಹೋಗೋದು ಒಳ್ಳೇ ಹೆಣ್ಣುಮಕ್ಕಳ ಲಕ್ಷಣ ಅಲ್ಲ. ಹೆಜ್ಜೆ ಸದ್ದೂ ಕೇಳ್ಲಿಲ್ಲ. ಬರಿಗಾಲಲ್ಲಿ ಹೋಗಿದ್ದೀಯ. ಭವ್ಯ! ಅಂಗಳದಲ್ಲಿದ್ದೀಯಾ? ಆಟ ಆಡ್ಬೇಡ ಕಣೇ, ಇದು ಆಟ ಆಡೋ ಹೊತ್ತಲ್ಲ. ಎಲ್ಲಿ… ಎಲ್ಲೇ ಇದ್ದೀಯ…

ಓ.

ಇಲ್ಲೇ ಇದ್ದೀಯ. ಪಕ್ಕದಲ್ಲೇ. ಸೆರಗು ನನ್ನ ತೋಳಿಗೆ ತಾಗೋಷ್ಟು ಹತ್ರ.

ಯಾವಾಗ ಬಂದು ಕೂತೆ ಈ ಕಡೆ? ಬೆಟ್ಟ ತೋರಿಸ್ತಿದ್ದಾಗಲೇನಾ? ನಾನು ಖಾಲಿ ಕುರ್ಚಿಗೆ ಬುದ್ಧಿ ಹೇಳ್ತಿದ್ದೆ, ಅಂಗಳಕ್ಕೆಲ್ಲ ಕೂಗಿ ಕರೀತಿದ್ದೆ, ನೀನು ಇಲ್ಲಿ ಕೂತು ನೋಡ್ತಾ ಇದ್ದೆಯಾ? ನೋಡಿದೆಯಲ್ಲ. ಆಯ್ತು ಬುಡು. ನೋಡಿದ್ದು ಒಳ್ಳೇದೇ ಆಯ್ತು. ನನ್ನ ಬಾಯಲ್ಲಿ ಹೇಳೋಕೆ ಆಗ್ತಿರ್ಲಿಲ್ಲ.

ಒಲೆ ಊದೋ ಕೊಳವೆ ಕಣ್ಣಿಗಿಟ್ಟು ನೋಡಿದಂಗೆ ಕಣಮ್ಮ. ಎದುರಿಗೆ ಇರೋದು ಕಾಣ್ತದೆ, ಅದೂ ಅಷ್ಟಗಲ. ಸುತ್ತ ಏನೂ ಇಲ್ಲ. ಕತ್ತಲೆಯಲ್ಲ, ಕತ್ತಲೆಯಾಗಿದ್ರೆ ನನಗೂ ಮೊದಲೇ ಗೊತ್ತಾಗ್ತಿತ್ತು. ಏನೂ ಇಲ್ಲದೇ ಇರೋದು. ಬೆಟ್ಟ ಕಾಣ್ತದೆ, ಪಕ್ಕದ ಎಮ್ಮೆ ಕಾಣಲ್ಲ. ಸಿರಾದ ಡಾಕ್ಟರು ಎರಡು ದಿನ ಏನೇನೋ ಹಾಕಿ ನೋಡಿದ್ರು. ಕಣ್ಣೊಳಗೆ ಒತ್ತಡವಂತೆ, ನರ ಒಣಗಿದೆಯಂತೆ. ಹೋದದ್ದು ವಾಪಸ್ ಬರಲ್ಲ, ಔಷಧಿ ಬಿಟ್ಕೊಂಡು ಉಳಿದದ್ದನ್ನ ಉಳಿಸ್ಕೊಳ್ಳಿ, ಇವತ್ತಿಂದ ಗಾಡಿ ಮುಟ್ಟಬೇಡಿ ಅಂದ್ರು. ಇನಾಯತುಲ್ಲಾ ಪಕ್ಕದಲ್ಲೇ ಇದ್ದ. ಯಾರಿಗೂ ಹೇಳಲ್ಲ ಅಂತ ಮಾತು ತಗೊಂಡೆ ಅವನ ಹತ್ರ. ಕೊಟ್ಟ. ಕೊಟ್ಟು, ಬಸ್‌ಸ್ಟಾಂಡಲ್ಲಿ ನನ್ನ ಕೈ ಹಿಡ್ಕೊಂಡು ಅತ್ತ.

ಗೊತ್ತಿದ್ದೂ ಇವತ್ತು ಹೊರಟಿದ್ಯಾ ಅಂತ ಕೇಳ್ಬೇಡ. ಹೂಂ, ಹೊರಟಿದ್ದೆ. ದಿನಾ ಪೂಜೆಗೆ ಕೂತಾಗ ನಾನು ಶಿವನನ್ನ ಕೇಳ್ತಿದ್ದದ್ದು ಒಂದೇ. ಮಕ್ಕಳನ್ನ ಕಾಪಾಡಪ್ಪ ಅಂತ. ಕಾಪಾಡಿದ, ಇಲ್ಲ ಅನ್ನಲ್ಲ. ಯಾರಿಂದ ಕಾಪಾಡ್ಬೇಕು ಅಂತ ನಾನು ಬಾಯಿಬಿಟ್ಟು ಹೇಳಿರ್ಲಿಲ್ಲ, ಅವನಿಗೆ ಗೊತ್ತಿತ್ತು.

ಕೀ ನಿನ್ನ ಹತ್ರವೇ ಇರ್ಲಿ. ಹೊರಡು, ಮಕ್ಕಳು ಗೇಟಿನ ಹತ್ರ ಬಿಸಿಲಲ್ಲಿ ನಿಂತಿರ್ತವೆ. ತಾತ ಎಲ್ಲಿ ಅಂದ್ರೆ… ಏನೋ ಒಂದು ಹೇಳು. ಇವತ್ತು ನೀನಿದ್ದೀಯ, ನಾಳೆಯೂ ಇರ್ತೀಯ. ಭಾನುವಾರ ಗೌರೀಶ ಬಂದು ಕೊರಟಗೆರೆಗೆ ಕರ್ಕೊಂಡು ಹೋಗ್ತಾನೆ. ಸೋಮವಾರ? ಬಸ್ಸು ಈ ಒಳದಾರಿಗೆ ಬರಲ್ಲ. ಹನುಮಕ್ಕ ಮಗೂನ ಲಗೇಜು ಆಟೋ ಹಿಂದೆ ನಿಲ್ಲಿಸಿ ಕಳಿಸ್ತಾಳೆ. ಅವಳ ಮುಂದೆ ನಾನು ಏನು ಹೇಳ್ಲಿ? ನಿಮ್ಮಮ್ಮನಿಗೆ ಏನು ಹೇಳ್ಲಿ? ಹೇಳಮ್ಮ, ಒಂದು ದಾರಿ ಹೇಳು.

ಅಳ್ತಿದ್ದೀಯಾ? ಎದ್ದುಬುಟ್ಯಾ? ಸೆರಗು ತಾಗ್ತಿಲ್ಲ ಈಗ. ಹೊರಟ್ಯಾ, ಇಲ್ಲಾ ಇಲ್ಲೇ ನಿಂತಿದ್ದೀಯಾ? ಹೂಂ ಅನ್ನು ತಾಯಿ, ಬೈದ್ರೂ ಸರಿ, ಏನಾದ್ರೂ ಅನ್ನು. ಸುಮ್ಮನೆ ಮಾತ್ರ ಇರ್ಬೇಡ. ನೀನು ಸುಮ್ಮನಾಗಿಬುಟ್ರೆ, ನೀನು ಎಲ್ಲಿದ್ದೀಯ ಅಂತ ನನಗೆ ಗೊತ್ತಾಗಲ್ಲ ಕಣಮ್ಮ.