ಪಕ್ಕದವನ ಪಾಲಿನ ಬೇಲಿ

ಕಾನ್ಸಾಸ್ ಸೀಮೆಯ ಮೇವಿನಂಗಡಿಯ ಸಾಲಿನಲ್ಲಿ, ಹೊಸದಾಗಿ ಹೊಲ ಕೊಂಡ ದಂಪತಿಯ ಹಿಂದೆ ನಿಂತಿದ್ದ ವೃದ್ಧೆ ಒಲೀಟಾಳ ಕಿವಿಗೆ ಈ ಮಾತುಗಳು ಬಿದ್ದವು.

"ತುಕ್ಕು ಹಿಡಿದ ಬೇಲಿ ಅಂತ ಪೂರ್ತಿ ಕಿತ್ತುಹಾಕ್ದೆ, ಡಾರ್ಲೀನ್. ಅರ್ಧ ಪಕ್ಕದವನದ್ದು ಅಂತ ಯಾರಿಗೆ ಗೊತ್ತಿತ್ತು?"

"ನಿನ್ನೊಬ್ಬನ್ನ ಬಿಟ್ಟು ಊರಿಗೆಲ್ಲ! ಗಡಿ ಮಧ್ಯದಲ್ಲಿ ಎರಡೂ ಹೊಲದವರು ಎದುರುಬದುರು ನಿಂತ್ರೆ, ಬಲಗೈ ಕಡೆಯ ಬೇಲಿ ಅವರವರದ್ದಂತೆ."

"ಅವನ ಹಸುಗಳೀಗ ನಮ್ಮ ಹೊಸ ಮನೆಗೆ ತೋಡಿದ ಪಾಯದಲ್ಲೇ ಮಲಗಿವೆ."

"ಬೈದನಾ?"

"ಬೈದಿದ್ರೆ ಚೆನ್ನಾಗಿತ್ತು. ಚಳಿಗಾಲಕ್ಕೆ ನೆಲ ಹೆಪ್ಪುಗಟ್ಟೋದ್ರೊಳಗೆ ಬೇಲಿ ಹಾಕಿಬಿಡಪ್ಪ ಅಂತ ಬೆನ್ನು ತಟ್ಟಿ ಹೋದ."

"ಹಾಗಾದ್ರೆ ಮನೆ?"

"ಎರಡಕ್ಕೂ ದಿನ ಎಲ್ಲಿದೆ?"

"ಮಗು ನಾವೀಗಿರೋ ಟ್ರೇಲರ್ ಗಾಡಿಮನೆಯ ಚಳಿಯಲ್ಲೇ ಹುಟ್ಟಬೇಕು ಅನ್ನು."

ಸರದಿ ಬಂದಾಗ ಅವನು ಬೇಲಿಯ ಮುಳ್ಳುತಂತಿಯ ಸುರುಳಿಗಳನ್ನು ಕೈಗಾಡಿಗೆ ಹೇರಿ ತಳ್ಳಿಕೊಂಡು ಹೊರಟನು. ಡಾರ್ಲೀನ್ ತುಂಬು ಬಸುರಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಿಂಬಾಲಿಸಿದಳು. ಒಲೀಟಾ ಮುಂದೆ ಹೋಗಿ ಬಾಗಿಲನ್ನು ತೆರೆದು ಹಿಡಿದಳು. ಅವಳ ಕೈಲಾದದ್ದು ಅಷ್ಟೇ.