ಹಿನ್ನೀರಿನ ಆಚೆ ದಂಡೆ

ತಾಯಂದಿರೇ, ಹಿರಿಯರೇ, ಅಣೆಕಟ್ಟಿನ ಹಿನ್ನೀರಿನ ದಂಡೆಯ ಮೇಲೆ ಒಂದು ಊರು. ಆ ಊರಲ್ಲಿ ಚಂದ್ರಾಮಪ್ಪ ಅಂತ ಒಬ್ಬ ಸಾಹುಕಾರ. ಹೊಲ ಇತ್ತು, ಹತ್ತಿ ಮಿಲ್ಲು ಇತ್ತು, ಕಾರಿತ್ತು. ಮೇಲಾಗಿ ಆ ಸೀಮೆಯ ರಸ್ತೆ ಮಂಡಳಿಗೆ ಅವನೇ ಅಧ್ಯಕ್ಷ.

ರಸ್ತೆ ಮಂಡಳಿ ಅಂದ್ರೆ ಏನು? ನೋಡ್ರಿ, ಸುತ್ತಲಿನ ಊರುಗಳು ಒಬ್ಬೊಬ್ಬ ಸದಸ್ಯನನ್ನ ಕಳಿಸ್ತಾವೆ. ವರ್ಷಕ್ಕೊಮ್ಮೆ ಸರಕಾರದ ಅನುದಾನ ಬರ್ತದೆ. ಬೇಡಿಕೆ ಹತ್ತಾರು, ಅನುದಾನ ಒಂದೇ ದೊಡ್ಡ ಕೆಲಸಕ್ಕೆ. ಯಾವುದು ಮೊದಲು? ಸಭೆಯಲ್ಲಿ ಕೈ ಎತ್ತಿ ತೀರ್ಮಾನ ಮಾಡ್ತಾರೆ. ಕೈ ಎತ್ತಿದ ಕಡೆಗೆ ಡಾಂಬರು, ಎತ್ತದ ಕಡೆಗೆ ಕೆಸರು.

ಆ ವರ್ಷ ಎರಡು ಬೇಡಿಕೆ ಮುಂದೆ ಬಂದ್ವು. ಸಾಹುಕಾರನ ಮಿಲ್ಲಿನಿಂದ ಪಟ್ಟಣದ ರಸ್ತೆ ಅಗಲ ಮಾಡೋದು ಒಂದು. ಹಿನ್ನೀರಿನ ಆಚೆ ಉಳಿದ ಸಣ್ಣ ಊರಿಗೆ ಸೇತುವೆ ಇನ್ನೊಂದು. ಸಾಹುಕಾರ ಮೊದಲೇ ಸದಸ್ಯರನ್ನ ಮನೆಗೆ ಕರೆದು, ಹೋಳಿಗೆ ಉಣ್ಣಿಸಿ, "ಈ ಸಲ ನನ್ನ ರಸ್ತೆಗೆ ಕೈ ಎತ್ರಿ, ಮುಂದಿನ ಸಲ ನಿಮ್ಮದಕ್ಕ ನಾ ಎತ್ತತೀನಿ" ಅಂತ ಮಾತು ತಗೊಂಡಿದ್ದ.

ಆದ್ರೆ ಮಂಡಳಿಯ ಇಂಜಿನಿಯರ್ ಮೇಡಂ ಬಿಡಲಿಲ್ಲ. "ಅಧ್ಯಕ್ಷರು ಎರಡೂ ಜಾಗ ನೋಡಿ ಬರಬೇಕ್ರಿ. ನಿಯಮ ಐತಿ."

"ನೀರು ನೋಡೂದೇನೈತಿ?" ಅಂದ ಸಾಹುಕಾರ. ಅಂದರೂ, ಚಳಿಗಾಲದ ಒಂದು ಮುಂಜಾನೆ ಹರಿಗೋಲು ಹತ್ತಿದ. ಅದರಲ್ಲಿ ಅಂಬಿಗನ ಜೊತೆ ಆಚೆ ಊರಿನ ಮುದುಕಿ ಕಾಶವ್ವ ಇದ್ದಳು, ಬೀಗರ ಮನೆಯಿಂದ ಮರಳ್ತಿದ್ದವಳು.

ನಡುನೀರಿಗೆ ಬರೋದಕ್ಕೂ ಮಂಜು ಇಳಿಯೋದಕ್ಕೂ ಸರಿಹೋಯ್ತು. ಎಂಥಾ ಮಂಜು! ಈಚೆ ದಂಡೆ ಮಾಯ, ಆಚೆ ದಂಡೆ ಮಾಯ. ನೀರು ಎಲ್ಲಿ ಮುಗೀತು, ಮುಗಿಲು ಎಲ್ಲಿ ಶುರುವಾಯ್ತು, ತಿಳೀಲಿಲ್ಲ. ಹರಿಗೋಲು ಮೆಲ್ಲಗೆ ತಿರುಗ್ತಿತ್ತು. ಕೆಳಗೆ, ಆಳದಲ್ಲಿ, ಮುಳುಗಿಹೋದ ಹಳೇ ಬಂಡಿದಾರಿ ಮಲಗಿತ್ತು. ಸಣ್ಣವನಿದ್ದಾಗ ಆ ದಾರಿಯಲ್ಲಿ ಅಪ್ಪನ ಹಿಂದೆ ನಡೆದದ್ದು ಸಾಹುಕಾರನಿಗೆ ನೆನಪಾಯ್ತು. ನೀರೊಳಗೆ ಕೈ ಇಳಿಬಿಟ್ಟ. ತಣ್ಣಗಿತ್ತು.

ಆಗ ದೂರದಿಂದ ತಾಟು ಬಡಿಯೋ ಸಪ್ಪಳ. ಹೆಂಗಸರ ದನಿ. "ಇತ್ತಾಗ ಬರ್ರೀ... ಇತ್ತಾಗ ಬರ್ರೀ..."

"ಏನದು?" ಅಂದ ಸಾಹುಕಾರ.

"ನಮ್ಮೂರ ಮಂದಿರಿ," ಅಂದಳು ಕಾಶವ್ವ. "ಮಂಜು ಬಿದ್ರ ಹಿಂಗ ಕರೀತಾರ್ರಿ. ದನಿ ಹಿಡಕೊಂಡು ದಂಡಿ ಮುಟ್ಟತೀವಿ."

"ಹರಿಗೋಲದಾಗ ಯಾರದಾರಂತ ಅವರಿಗೆ ಗೊತ್ತೇನು?"

"ಯಾರರೇ ಇರಲಿ ಬಿಡ್ರಿ. ನೀರಿನ ಮ್ಯಾಲ ಇದ್ದವರನ್ನ ಕರೀಬೇಕಲ್ರೀ?"

ಕಾಶವ್ವ ಮುಂದುವರಿಸಿದಳು. "ನಮ್ಮ ಸೊಸಿಗೆ ಹೆರಿಗಿ ಬ್ಯಾನಿ ಬಂದ ದಿನಾನೂ ಹಿಂಗ ಮಂಜಿತ್ರಿ. ದವಾಖಾನಿಗೆ ಅಂತ ನಿಮ್ಮ ದಂಡಿ ಕಡಿಗೆ ಹೊಂಟಿದ್ವಿ. ಆ ಕಡಿಯಿಂದ ಕರೆಯೋರು ಯಾರೂ ಇರಲಿಲ್ಲ. ಸೊಸಿ ಉಳಿದಳು. ಕೂಸು ಉಳೀಲಿಲ್ಲ."

ಬೈಲಿಲ್ಲ, ಅಳಲಿಲ್ಲ. ಒದ್ದೆಯಾದ ಸೆರಗು ಹಿಂಡಿಕೊಂಡಳು, ಅಷ್ಟೇ.

ಸಾಹುಕಾರ ಮರಳಿ ಬಂದವನೇ ಸದಸ್ಯರ ಮನೆಮನೆಗೆ ಹೋದ. "ನನ್ನ ರಸ್ತೆ ಬ್ಯಾಡ. ಸೇತುವೆಗೆ ಕೈ ಎತ್ರಿ." ಅವರು ನಕ್ಕರು. "ಏನ್ ಸಾಹುಕಾರ್ರೆ, ನಮ್ಮನ್ನ ಪರೀಕ್ಷಾ ಮಾಡಾಕ ಹತ್ತೀರೇನು? ಕೊಟ್ಟ ಮಾತು ಕೊಟ್ಟದ್ದರಿ!" ಸಭೆಯಲ್ಲಿ ಸೇತುವೆಗೆ ಎದ್ದದ್ದು ಎರಡೇ ಕೈ. ಆಚೆ ಊರಿನ ಸದಸ್ಯಂದು, ಸಾಹುಕಾರಂದು. ತಾನೇ ಕಟ್ಟಿದ ಗಂಟು, ತನ್ನಿಂದಲೇ ಬಿಚ್ಚೋಕಾಗಲಿಲ್ಲ!

ರಸ್ತೆ ಆಯ್ತು. ಅಗಲವಾಯ್ತು, ನುಣುಪಾಯ್ತು. "ಎಷ್ಟು ಆರಾಮ ಆತ್ರಿ ಧಣಿ," ಅಂತಿದ್ದ ಡ್ರೈವರ್. ಧಣಿ ಕಿಟಕಿ ಆಚೆ ನೋಡ್ತಿದ್ದ.

ಆದ್ರೆ ಅವನು ಕೈಕಟ್ಟಿ ಕೂಡಲಿಲ್ಲ. ಮುಂದಿನ ಚಳಿಗಾಲ ಒಬ್ಬೊಬ್ಬ ಸದಸ್ಯನನ್ನ ಮಂಜಿನ ಮುಂಜಾನೆ ಹರಿಗೋಲಿಗೆ ಹತ್ತಿಸಿದ. ಭಾಷಣ ಮಾಡಲಿಲ್ಲ. ಸುಮ್ಮನೆ ಜೊತೆಗೆ ಕೂತ. ಒಬ್ಬ ಸದಸ್ಯ ಹೆದರಿ ಸಾಹುಕಾರನ ತೋಳು ಹಿಡಿದವನು, ದಂಡೆ ಕಾಣೋತನಕ ಬಿಡಲಿಲ್ಲ. ಮುಂದಿನ ಸಭೆಯಲ್ಲಿ ಮೇಡಂ ಸೇತುವೆ ಅನ್ನೋ ಮಾತು ಪೂರ್ತಿ ಓದಿ ಮುಗಿಸೋ ಮೊದಲೇ ಎಲ್ಲಾ ಕೈ ಮೇಲೆ!

ಸೇತುವೆ ಆದ ಮೇಲೆ ಕಾಶವ್ವನ ಸೊಸೆ ಎರಡನೇ ಕೂಸಿಗೆ ಲಸಿಕೆ ಹಾಕಿಸೋಕೆ ಅದರ ಮೇಲೆ ನಡಕೊಂಡು ಬಂದಳು. ಎದುರಿಗೆ ಬರ್ತಿದ್ದ ಸಾಹುಕಾರ ಬದಿಗೆ ಸರಿದು ನಿಂತ. ಅವಳು ದಾಟಿಹೋಗೋತನಕ ನಿಂತೇ ಇದ್ದ.

ಈಗ ನಿಮ್ಮ ಕಡೆ ಬರ್ತೀನಿ. ಸಾಹುಕಾರ ಕೆಟ್ಟವನೇನು? ಅಲ್ಲ. ಆಚೆ ದಂಡೆ ನೋಡಿರಲಿಲ್ಲ, ಅಷ್ಟೇ. ನೀವು ನೋಡೀರೇನು? ನಿಮ್ಮ ಓಣಿಯ ಹಿಂದಿನ ಓಣಿಗೆ ಕಡೇ ಸಲ ಯಾವಾಗ ಹೋಗಿದ್ರಿ? ಗ್ರಾಮಸಭೆ ಅಂತ ಡಂಗುರ ಹೊಡೆದ್ರೆ ನೀವು ಚಹಾದಂಗಡೀಲಿ ಕೂಡ್ತೀರಿ, ಆಮೇಲೆ ರಸ್ತೆ ಸರಿಯಿಲ್ಲ ಅಂತ ಸರಕಾರಕ್ಕೆ ಬೈತೀರಿ. ಇನ್ಮುಂದೆ ಸಭೆಗೆ ಹೋಗ್ರಿ. ಹೋಗೋ ಮುಂಚೆ ಹಿಂದಿನ ಓಣಿಯಲ್ಲಿ ಒಮ್ಮೆ ನಡೆದು ಬರ್ರಿ. ನಿಮ್ಮ ಬಾಗಿಲ ಮುಂದಿನ ಸಿಮೆಂಟು ಕೇಳೋ ಬಾಯಿಂದ ಮೊದಲು ಅವರ ಗಟಾರ ಕೇಳ್ರಿ.

ಅದು ಮುಂದಿನ ಮಾತಾಯ್ತು. ಇವತ್ತೇ ಮಾಡೋದು ಒಂದಿದೆ. ಈ ಮಠದ ಬಾಗಿಲಿಗೆ ಅಡ್ಡ ಬೈಕು ನಿಲ್ಲಿಸಿ ಬಂದೀರಲ್ಲ, ಕೋಲೂರಿಕೊಂಡು ಬಂದ ಹಿರಿಯರು ಒಳಗೆ ಬರಲಾಗದೆ ಹೊರಗೆ ಬಿಸಿಲಲ್ಲೇ ಕೂತು ಕೇಳ್ತಿದ್ದಾರೆ. ಪ್ರಸಾದ ಆಮೇಲೆ ಸಿಗ್ತದೆ. ಏಳ್ರಿ, ಮೊದಲು ಬೈಕು ತೆಗೀರಿ.